ಹಿಂದಿನ ಅಚ್ಚಿನ ಮಿಸ್ತ್ರಿ

ನೂರು ಕಿಲೋಮೀಟರ್ ಓಡಿಸಿ ನೋಡದೆ ಅವರು ಯಾರ ಗಾಡಿಯನ್ನೂ ಒಪ್ಪಿಸಿದವರಲ್ಲ. ತೊಂಬತ್ತಾಯಿತು ಎಂದರೂ ಬಿಡುತ್ತಿರಲಿಲ್ಲ. ಓಡಿಸುವವರು ನಾವು, ಡೀಸೆಲ್ ನಮ್ಮದು, ಹಾಳಾಗುವ ಹೊತ್ತೂ ನಮ್ಮದೇ. ಅವರು ಮಾತ್ರ ಹಿಂದಿನ ಸೀಟಿನಲ್ಲಿ, ಸರಿಯಾಗಿ ಅಚ್ಚಿನ ಮೇಲೆ, ಕಣ್ಣು ಮುಚ್ಚಿಕೊಂಡು ಕುಳಿತಿರುತ್ತಿದ್ದರು. ಮುಂದೆ ಬನ್ನಿ ಎಂದು ಎಷ್ಟು ಕರೆದರೂ ಬರುತ್ತಿರಲಿಲ್ಲ.

"ಸಪ್ಪಳ ಹಿಂದ ಇರ್ತದರೀ ಸಾಹೇಬ್ರ. ಮುಂದ ಕುಂತು ನಾ ಏನ್ ಮಾಡ್ಲಿ?"

ಶಹಾಪುರದಲ್ಲಿ ಸುರಪುರ ರಸ್ತೆಗೆ ಒಂದು ತಗಡಿನ ಶೆಡ್ಡು, ಅದರ ಮುಂದೆ ಒಂದು ಬೇವಿನ ಗಿಡ, ಗಿಡದ ಕೆಳಗೆ ಯಾವಾಗಲೂ ಹಿಂಭಾಗ ಎತ್ತಿ ನಿಲ್ಲಿಸಿದ ಒಂದು ಜೀಪೋ ಟ್ರ್ಯಾಕ್ಸೋ. ಅಷ್ಟೇ ಅವರ ಅಂಗಡಿ. ಬೋರ್ಡು ಇರಲಿಲ್ಲ. ಎಂಜಿನ್ನು ಮುಟ್ಟುತ್ತಿರಲಿಲ್ಲ, ಬ್ರೇಕು ಮುಟ್ಟುತ್ತಿರಲಿಲ್ಲ, ಹಿಂದಿನ ಅಚ್ಚು ಮಾತ್ರ. ಊರಿಗೆಲ್ಲ ಅವರು ಅಚ್ಚಿನ ಮಿಸ್ತ್ರಿ. ಹೆಸರು ನನಗೆ ಗೊತ್ತಾದದ್ದು ಅವರು ಹೋದ ಮೇಲೆ. ಇಲ್ಲಿ ಬರೆಯಬೇಕು ಅನ್ನಿಸುವುದಿಲ್ಲ, ಆ ಹೆಸರಿನಿಂದ ಯಾರೂ ಅವರನ್ನು ಕರೆದದ್ದೇ ಇಲ್ಲ.

ನಾನು ಖಾಸಗಿ ಸರ್ವೇಯರ್. ಪರವಾನಿಗೆ ಇಟ್ಟುಕೊಂಡು ಅಣ್ಣತಮ್ಮಂದಿರ ಹೊಲ ಅಳೆದು, ಇಬ್ಬರಿಂದಲೂ ಬೈಸಿಕೊಂಡು ಮನೆಗೆ ಬರುವುದು ನನ್ನ ಕಸುಬು. ಬಳಿಚಕ್ರದಿಂದ ಕೆಂಭಾವಿಯ ತನಕ ಎಲ್ಲಿ ಬದುವಿನ ತಕರಾರಿದೆಯೋ ಅಲ್ಲಿ ನಾನಿರುತ್ತೇನೆ. ಮಳೆ ಬಿದ್ದ ಕಪ್ಪು ಎರಿ ಮಣ್ಣಿನ ಹೊಲದಲ್ಲಿ ಬೈಕಿನ ಗಾಲಿ ಒಂದು ಸುತ್ತೂ ತಿರುಗುವುದಿಲ್ಲ. ಅದಕ್ಕೇ ಒಂದು ಹರಾಜಿನಲ್ಲಿ ಹಿಡಿದ ಹಳೆ ಜೀಪು. ಅದಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸಿರಬೇಕು, ಬೆಳಿಗ್ಗೆ ಏಳುವಾಗ ಇಬ್ಬರೂ ಒಂದೇ ಥರ ನರಳುತ್ತೇವೆ. ಹೆಂಡತಿ ತೀರಿಕೊಂಡ ಮೇಲೆ ನನ್ನ ಊಟ ಖಾನಾವಳಿಯಲ್ಲಿ, ಮಾತು ಹೊಲದಲ್ಲಿ. ಹೊಲದ ಮಾತು ಎಂದರೆ ಜಗಳ. ಜಗಳವಲ್ಲದ ಮಾತು ಬೇಕೆನಿಸಿದಾಗ ನಾನು ಹೋಗುತ್ತಿದ್ದ ಜಾಗ ಆ ತಗಡಿನ ಶೆಡ್ಡು.

ಮೊದಲ ಸಲ ಹೋದದ್ದು ಬೇರಿಂಗಿನ ಸದ್ದಿಗೆ. ಮಧ್ಯಾಹ್ನ ಎರಡು ಗಂಟೆ. ಅವರು ಇನ್ಯಾರದೋ ಗಾಡಿಯ ಕೆಳಗೆ ಅಂಗಾತ ಮಲಗಿದ್ದರು. ಪಕ್ಕದಲ್ಲಿ ಲೇತ್ ಮಷಿನ್ನು ಇಟ್ಟುಕೊಂಡಿದ್ದ ಲೇತಿನವ ಬಂದು, "ಯಣ್ಣಾ, ರೊಟ್ಟಿ ಆರಿ ಹೋಗ್ಯಾವ, ಏಳು" ಎಂದ. ಕೆಳಗಿನಿಂದ ಉತ್ತರ ಬಂತು: "ಗಾಲಿ ಪಿನ್ನು ಹಾಕಲಾರದ ನಾ ಉಣ್ಣಂಗಿಲ್ಲ. ನಿನಗೊತ್ತಿಲ್ಲೇನು?"

ಏನು ಹಟವಪ್ಪಾ ಈ ಮನುಷ್ಯನದು ಎಂದುಕೊಂಡೆ. ಮೂರೂವರೆಗೆ ಎದ್ದು ಬಂದರು. ಕೈ ಎಷ್ಟು ತೊಳೆದರೂ ಗ್ರೀಸು ಹೋಗದು, ಹಳೆ ಪೇಪರಿನ ತುಂಡಿನಲ್ಲಿ ರೊಟ್ಟಿ ಹಿಡಿದು ಮುರಿದು ಪುಂಡಿಪಲ್ಯದಲ್ಲಿ ಅದ್ದಿ ತಿಂದರು. ರೊಟ್ಟಿ ತಾವೇ ಬಡಿದದ್ದು. ನನಗೂ ಒಂದು ಕೊಟ್ಟರು. ದಪ್ಪ ಇತ್ತು, ಒಂದು ಕಡೆ ಹೊತ್ತಿತ್ತು. ಚೆನ್ನಾಗಿದೆ ಎಂದೆ.

"ಸುಳ್ಳ್ ಯಾಕ್ ಹೇಳ್ತೀರಿ ಸಾಹೇಬ್ರ? ನಮ್ಮಾಕಿ ಇದ್ದಾಗ ಬಂದಿದ್ರ ರೊಟ್ಟಿ ತಿಂತಿದ್ರಿ. ಈಗ ಹೊಟ್ಟಿ ತುಂಬಸ್ಕೊಳ್ಳೋದು ಅಷ್ಟ."

ಕೆಲಸ ಮಾಡುವ ರೀತಿಯೂ ಅವರದೇ. ಅಚ್ಚಿನ ಮಧ್ಯದ ಗುಂಡನೆಯ ಡಬ್ಬಿಯೊಳಗೆ ಕ್ರೌನು, ಪಿನಿಯನ್ನು ಎಂದು ಎರಡು ಹಲ್ಲಿನ ಚಕ್ರಗಳಿರುತ್ತವೆ. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತಿದೆ ಎಂದು ನೋಡಲು ಬೇರೆ ಮಿಸ್ತ್ರಿಗಳು ಪೇಟೆಯಲ್ಲಿ ಸಿಗುವ ಬಣ್ಣ ಹಚ್ಚುತ್ತಾರೆ. ಇವರು ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ಬೆರಳಿನಿಂದ ಹಚ್ಚುತ್ತಿದ್ದರು. ಚಕ್ರ ತಿರುಗಿಸಿದರೆ ಕುಂಕುಮ ಅಳಿಸಿದ ಕಡೆ ಹಲ್ಲು ತಾಗಿದೆ ಎಂದು ಲೆಕ್ಕ. ಒಮ್ಮೆ ಕ್ರೌನು ಚೆನ್ನಾಗಿದೆ, ಪಿನಿಯನ್ನು ಮಾತ್ರ ಹೊಸದು ಹಾಕಿ ಎಂದು ನಾನು ಬುದ್ಧಿ ಹೇಳಲು ಹೋದೆ. ತಲೆ ಅಲ್ಲಾಡಿಸಿದರು. "ಇವು ಜೋಡೀಲೆ ಸವೆದಾವರಿ. ಒಂದು ಹೋದ ಮ್ಯಾಲೆ ಇನ್ನೊಂದಕ್ಕ ಬ್ಯಾರೆದ್ದು ತಂದು ಹಚ್ಚಿದ್ರ ಕೂಡಂಗಿಲ್ಲ. ದಿನಾ ಅಳತಾವ." ಇಬ್ಬರು ಒಂಟಿ ಗಂಡಸರು ಒಂದು ಪಿನಿಯನ್ನು ನೋಡುತ್ತಾ ಕೂತಿದ್ದೆವು.

ಆ ಮೊದಲ ಸಲ ನೂರು ಕಿಲೋಮೀಟರ್ ಪೂರ್ತಿ ಓಡಿಸಿದೆ. ಸುರಪುರ ದಾಟಿ ಕೆಂಭಾವಿಗೆ ಹೋಗಿ ತಿರುಗಿ ಬರುವ ದಾರಿ, ಅದೂ ಅವರದೇ ಆಯ್ಕೆ. ಯಾದಗಿರಿ ಕಡೆ ರಸ್ತೆ ಚೆನ್ನಾಗಿದೆ ಎಂದೆ, ಶಿರವಾಳದ ಕಡೆ ಹೋಗಿ ಗುಡಿ ನೋಡಿಕೊಂಡು ಬರೋಣ ಎಂದೆ. ಊಹ್ಞೂಂ. "ಕೆಂಭಾವಿ ದಾರಿ ಬರಾಬರ್ ಅದರಿ. ಏರು ಅದ, ಇಳುವು ಅದ, ತಗ್ಗೂ ಅದಾವ. ಅಚ್ಚಿನ ಪರೀಕ್ಷಾ ಅಲ್ಲೇ ಆಗಬೇಕು."

ಕೆಂಭಾವಿಯಲ್ಲಿ ಊರ ಬಾಯಿಗೇ ಒಂದು ಹಿಟ್ಟಿನ ಗಿರಣಿ. ಅದರ ಎದುರಿನ ಬೇವಿನ ಗಿಡದ ಕೆಳಗೆ ನಿಲ್ಲಿಸಲು ಹೇಳಿದರು. ಇಳಿದು, ಹಿಂದೆ ಕುಕ್ಕರಗಾಲಲ್ಲಿ ಕೂತು, ಅಚ್ಚಿನ ಡಬ್ಬಿಯ ಮೇಲೆ ಅಂಗೈ ಇಟ್ಟರು.

"ಹತ್ತರತನಕ ಎಣಸ್ಬೇಕ್ರಿ. ಅಲ್ಲೀತನಕ ಕೈ ತಡೀತಂದ್ರ ಕೆಲಸ ಬರಾಬರ್ ಆಗ್ಯದ. ಸುಟ್ಟು ಕೈ ತೆಗೀಬೇಕಾತಂದ್ರ ಮತ್ತ ಬಿಚ್ಚಬೇಕು."

ನನ್ನ ಕಸುಬೇ ಅಳತೆ, ಸುಮ್ಮನಿರಲಾಗದೆ ನಾನೂ ಮನಸ್ಸಿನಲ್ಲಿ ಎಣಿಸಿದೆ. ಹತ್ತಾಯಿತು. ಮೂವತ್ತಾಯಿತು. ಇನ್ನೂರು ದಾಟಿದ ಮೇಲೆ ಬೇಜಾರಾಗಿ ಎಣಿಸುವುದನ್ನೇ ಬಿಟ್ಟೆ. ಅವರ ಕೈ ಅಚ್ಚಿನ ಮೇಲಿತ್ತು, ಕಣ್ಣು ಗಿರಣಿಯ ಬಾಗಿಲ ಮೇಲಿತ್ತು. ನಾವು ಬಂದಾಗ ಗಡಗಡ ಎನ್ನುತ್ತಿದ್ದ ಗಿರಣಿ ಆ ಹೊತ್ತಿಗೆ ನಿಂತುಹೋಗಿತ್ತು.

"ಇದೊಂದ್ ಮಜಾ ನೋಡ್ರಿ," ಎಂದರು, ಕೈ ತೆಗೆಯದೆ. "ನಾ ಬಂದಾಗೆಲ್ಲ ಈ ಊರಾಗ ಕರೆಂಟ್ ಹೋಗ್ತದ. ನಮ್ಮ ನಸೀಬಾನೇ ಹಿಂಗ."

ಶಹಾಪುರಕ್ಕೆ ಮರಳಿ ಗಾಡಿ ಒಪ್ಪಿಸುವಾಗ ಅವರು ಇನ್ನೊಂದು ಕೆಲಸ ಮಾಡಿದರು. ಅಂಗಿಯ ಎದೆಯ ಜೇಬನ್ನು ಪೂರ್ತಿ ಹೊರಗೆ ಎಳೆದು, ಒಳಮೈ ತೋರಿಸಿ, "ನೋಡ್ರಿ ಸಾಹೇಬ್ರ, ಏನೂ ಉಳಿದಿಲ್ಲ" ಎಂದರು. ನಕ್ಕುಬಿಟ್ಟೆ. ಕಳ್ಳತನ ಮಾಡಿಲ್ಲ ಎಂದು ತೋರಿಸುತ್ತಿದ್ದಾರೆ ಎಂದುಕೊಂಡೆ. ಅವರು ನಗಲಿಲ್ಲ. ಎಲ್ಲರಿಗೂ ಹೀಗೇ ತೋರಿಸುತ್ತಿದ್ದರಂತೆ.

ಆಮೇಲೆ ಒಂದು ಮಳೆಗಾಲ, ಬಳಿಚಕ್ರದ ಹೊಲವೊಂದರಲ್ಲಿ ನನ್ನ ಜೀಪಿನ ಹಿಂದಿನ ಅಚ್ಚಿನ ರಾಡು ಮುರಿಯಿತು. ಮೂರು ವರ್ಷದಲ್ಲಿ ಎರಡನೇ ಸಲ. ಎತ್ತು ಕಟ್ಟಿ ಎಳೆಸಿ, ಅಲ್ಲಿಂದ ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿಕೊಂಡು ಶಹಾಪುರಕ್ಕೆ ತಂದೆ. ನೋಡಿದವರೆಲ್ಲ ಗುಜರಿಗೆ ಹಾಕು ಎಂದರು. ಮಿಸ್ತ್ರಿ ಮಾತ್ರ ಮುರಿದ ರಾಡಿನ ಬಾಯಿ ಸವರಿ ಸವರಿ ನೋಡಿ, "ಇದರದೇನ್ ತಪ್ಪಿಲ್ರಿ" ಎಂದರು.

ನನಗೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಹಳೆ ಜೀಪಿನ ಅಚ್ಚಿನಲ್ಲಿ ಗಾಲಿ ತಿರುಗಿಸುವುದೂ ಅದೇ ರಾಡು, ಗಾಡಿಯ ಭಾರ ಹೊರುವುದೂ ಅದೇ ರಾಡು. ಗಾಲಿ ನಿಂತಿರುವುದು ರಾಡಿನ ತುದಿಯ ಒಂದು ನಟ್ಟಿನ ಮೇಲೆ, ನಟ್ಟು ಬಿಚ್ಚದಂತೆ ಕಾಯುವುದು ಅದಕ್ಕೆ ಅಡ್ಡ ಹಾಯಿಸಿ ಮಡಚುವ ಒಂದು ಸಣ್ಣ ಕಾಟರ್ ಪಿನ್ನು. ರಾಡು ಮುರಿದರೂ, ನಟ್ಟು ಬಿಚ್ಚಿದರೂ ಗಾಲಿ ಹೊರಗೆ. ದೊಡ್ಡ ಮಾಲಿನ ಗಾಡಿಗಳಲ್ಲಿ ಹಾಗಲ್ಲ. ಭಾರವೆಲ್ಲ ಹೊರಗಿನ ಕೊಳವೆಯ ಮೇಲೆ, ಒಳಗಿನ ರಾಡಿಗೆ ತಿರುಗಿಸುವುದಷ್ಟೇ ಕೆಲಸ.

"ಹೊರೋದು ಬ್ಯಾರೆ, ತಿರುಗೋದು ಬ್ಯಾರೆ ಇರಬೇಕ್ರಿ. ಎರಡೂ ಒಬ್ಬನ ಮ್ಯಾಲೆ ಹಾಕಿದ್ರ ಅಂವಾ ಎಷ್ಟು ದಿನ ತಡೀತಾನ? ನಿಮ್ಮ ಜೀಪಿಗೆ ಅಂಥಾ ಅಚ್ಚು ಕೂಡಸ್ತೀನಿ. ರಾಡ್ ಮುರಿದ್ರೂ ಗಾಲಿ ಬಿಟ್ಟು ಹೋಗಬಾರದು."

ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಯಾದಗಿರಿಯ ಗುಜರಿಯಲ್ಲಿ ಅರ್ಧ ದಿನ ಹುಡುಕಿ ಒಂದು ಅಚ್ಚು ತಂದೆವು. ಅದು ನಮ್ಮ ಜೀಪಿಗಿಂತ ಒಂದು ಗೇಣು ಅಗಲ. ಲೇತಿನವ ಕೊಳವೆ ಕೊಯ್ದು, ರಾಡು ಗಿಡ್ಡ ಮಾಡಿ, ತುದಿಗೆ ಹೊಸದಾಗಿ ಹಲ್ಲು ಕೊರೆದ. ಅಚ್ಚು ಗಾಡಿಗೆ ಸೊಟ್ಟ ಕೂರಬಾರದಲ್ಲ, ನಾನು ಸ್ಟೀಲ್ ಟೇಪ್ ತಂದೆ. ಮಿಸ್ತ್ರಿ ಒಂದು ನೂಲುಂಡೆ ತೆಗೆದರು. ಮೂಲೆಯಿಂದ ಮೂಲೆಗೆ ನೂಲು ಹಿಡಿದು, ಗಂಟು ಹಾಕಿ, ಅದೇ ನೂಲನ್ನು ಇನ್ನೆರಡು ಮೂಲೆಗೆ ಹಿಡಿದರು. ಎಲಾ ಇವರ! ಹೊಲದಲ್ಲಿ ನಾನು ಮಾಡುವುದೂ ಅದನ್ನೇ. ನನ್ನ ಟೇಪಿಗೂ ಅವರ ಗಂಟಿಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಬರಲಿಲ್ಲ. "ನೀವೂ ನಮ್ಮವರೇ ಬಿಡ್ರಿ" ಎಂದು ಬೆನ್ನು ತಟ್ಟಿದರು. ಅಂಗಿಯ ಮೇಲೆ ಐದು ಬೆರಳು ಮೂಡಿದವು. ಆ ಅಂಗಿ ಈಗಲೂ ಇದೆ.

ಹದಿನೆಂಟು ದಿನ ನಡೆಯಿತು ಆ ಕೆಲಸ. ನನಗೆ ಅಷ್ಟು ಸುಖದ ಹದಿನೆಂಟು ದಿನ ಈಚೆಗೆ ಇನ್ನಾವುದೂ ಇರಲಿಲ್ಲ. ಸಂಜೆ ಹೋಗಿ ಮಗ್ಗುಲಲ್ಲಿ ಕೂತು ದೀಪ ಹಿಡಿಯುತ್ತಿದ್ದೆ. ಅವರು ಗಾಡಿಯ ಕೆಳಗಿಂದ ಮಾತಾಡುತ್ತಿದ್ದರು. ಮುಖ ಕಾಣದಿದ್ದಾಗ ಅವರಿಗೆ ಮಾತು ಸಲೀಸು. ಒಮ್ಮೆ ಅಲ್ಲಿಂದಲೇ ಕೇಳಿದರು: "ಸಾಹೇಬ್ರ, ಮನುಷ್ಯಾ ತಪ್ಪು ಮಾಡಿದ್ರ ಎಷ್ಟು ವರ್ಷಕ್ಕ ಅದು ಸವೀತದ?" ನಾನು ಏನೋ ಕೋರ್ಟು ಕಚೇರಿಯ ಲೆಕ್ಕ ಹೇಳಿದೆ. ಹನ್ನೆರಡು ವರ್ಷ ಸ್ವಾಧೀನದಲ್ಲಿದ್ದರೆ ಹೊಲ ನಿಮ್ಮದೇ ಆಗುತ್ತದೆ ಎಂದೆಲ್ಲ. ನನ್ನ ತಲೆಗಿಷ್ಟು! ಅವರು ನಟ್ಟು ಬಿಗಿಯುವ ಪಾನಾ ಕೇಳಿದರು, ಕೊಟ್ಟೆ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ಅಚ್ಚು ಕೂಡಿತು, ಎಣ್ಣೆ ತುಂಬಿದರು, ನೂರು ಕಿಲೋಮೀಟರಿಗೆ ಹೊರಟೆವು. ಆ ದಿನ ಅವರು ಒಗೆದ ಅಂಗಿ ಹಾಕಿದ್ದರು, ಗಡ್ಡ ಮಾಡಿಸಿದ್ದರು. ನಾನು ಹಿಂದಿನ ರಾತ್ರಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಯಾರೋ ಹುಡುಗ ಟೋಪಿ ಹಾಕಿಕೊಂಡು ಹೇಳಿದ್ದ: ಅಚ್ಚು ಬದಲಿಸಿದ ಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಿಸಿ ನೋಡಿದರೆ ಸಾಕು. ಅದು ತಲೆಗೆ ಹೊಕ್ಕಿತ್ತು. ಸುರಪುರ ಮುಟ್ಟಿ, ಗುಡ್ಡದ ಏರು ಹತ್ತಿಸಿ ನಿಲ್ಲಿಸಿದೆ. ಇಳಿದು ನಾನೇ ಅಚ್ಚಿನ ಮೇಲೆ ಕೈ ಇಟ್ಟೆ. ಉಗುರುಬೆಚ್ಚಗಿತ್ತು.

"ಮಿಸ್ತ್ರಿ, ಕೆಲಸ ಫಸ್ಟ್ ಕ್ಲಾಸ್ ಆಗ್ಯದ. ಸಾಕು, ತಿರುಗಸ್ತೀನಿ."

ಅವರು ಕಣ್ಣು ತೆರೆದರು. "ಇನ್ನಾ ನೂರ್ ಆಗಿಲ್ರಿ."

"ನೂರು ಬೇಕಾಗಿಲ್ಲ ಅಂತ ಮೊಬೈಲ್‌ನ್ಯಾಗ ಹೇಳ್ಯಾರ. ನೀವೇ ಕೈ ಇಟ್ಟು ನೋಡ್ರಿ."

"ಕೆಂಭಾವಿತನ ಹೋಗಿ ಬಂದ್ರ ಆಗ್ತಿತ್ರಿ ಸಾಹೇಬ್ರ. ಇಲ್ಲೇ ಅದ."

"ನನಗ ಕೆಲಸ ಅದ, ಮಿಸ್ತ್ರಿ."

ಆ ಸಂಜೆ ನನಗೆ ಎಲ್ಲೂ ಹೋಗಬೇಕಾಗಿರಲಿಲ್ಲ. ಮನೆಯಲ್ಲಿ ಕಾಯುವವರಿರಲಿಲ್ಲ. ಖಾನಾವಳಿ ಹತ್ತರ ತನಕ ತೆರೆದಿರುತ್ತದೆ. ನನ್ನ ಮಾತೇ ಸರಿ ಎಂದು ತೋರಿಸಬೇಕಿತ್ತು, ಅಷ್ಟೇ. ಹೊಲದಲ್ಲಿ ಒಂದು ಗೇಣಿಗೆ ಗುದ್ದಾಡುವವರನ್ನು ನೋಡಿ ನಗುವವನು ನಾನು!

"ಆತು ಬಿಡ್ರಿ," ಎಂದು ಕಣ್ಣು ಮುಚ್ಚಿಕೊಂಡರು. ಶಹಾಪುರದಲ್ಲಿ ಇಳಿದಾಗ ಜೇಬು ತೋರಿಸಲಿಲ್ಲ. ನಾನೇ ತಮಾಷೆಗೆ, "ಏನ್ರಿ, ಇವತ್ತು ಜೇಬು ತೋರಸಂಗಿಲ್ಲೇನು?" ಎಂದೆ. "ಕೆಲಸ ಅರ್ಧಾ ಆಗ್ಯದರಿ. ಪೂರಾ ಆದ ಮ್ಯಾಲೆ ತೋರಸ್ತೀನಿ."

ಆಮೇಲೆ ಲೇತಿನವನ ಕೈಲಿ ಎರಡು ಸಲ ಹೇಳಿ ಕಳಿಸಿದರು, ಉಳಿದ ಕಿಲೋಮೀಟರ್ ಯಾವಾಗ ಎಂದು. ಮುಂದಿನ ವಾರ ಎಂದೆ, ಎರಡು ಸಲವೂ. ಆಮೇಲೆ ಬಳಿಚಕ್ರದ ಒಂದು ದೊಡ್ಡ ಅಳತೆ ಹಿಡಿದು ಯಾದಗಿರಿಯಲ್ಲೇ ಉಳಿದೆ. ಹನ್ನೆರಡು ದಿನದ ಮೇಲೆ ಶಹಾಪುರಕ್ಕೆ ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರೆ ತಗಡಿನ ಬಾಗಿಲಿಗೆ ಬೀಗ. ಬೇವಿನ ಗಿಡದ ಕೆಳಗೆ ಗಾಡಿ ಇಲ್ಲದ ನೆಲವನ್ನು ನಾನು ನೋಡಿದ್ದು ಅದೇ ಮೊದಲು.

"ಎದಿ ಹಿಡ್ಕೊಂಡು ಕುಂತ್ರು," ಎಂದ ಲೇತಿನವ. "ದವಾಖಾನಿ ಮುಟ್ಟೂದ್ರಾಗ ಎಲ್ಲಾ ಮುಗೀತು. ನಿಮಗ ಫೋನ್ ಹಚ್ಚಿದ್ದೆ, ಹತ್ತಲಿಲ್ಲ." ಆಮೇಲೆ ಮಷಿನ್ನು ಬಂದ್ ಮಾಡಿ, ಸ್ಟೂಲು ಎಳೆದು ಕೊಟ್ಟು ಹೇಳಿದ. ಮಿಸ್ತ್ರಿ ಇದ್ದಾಗ ಎಂದೂ ಹೇಳದಿದ್ದ ಸಂಗತಿ.

ಅವರಿಗೆ ಒಬ್ಬಳೇ ಮಗಳು. ಕೆಂಭಾವಿಗೆ ಕೊಟ್ಟಿದ್ದರು. ಅಳಿಯನ ಬಳಿ ಒಂದು ಹಳೆ ಜೀಪು, ಬಾಡಿಗೆಗೆ ಓಡಿಸುತ್ತಿದ್ದ. ಒಂದು ದಿನ ಗಾಲಿಯ ಸದ್ದು ಎಂದು ಮಾವನ ಮನೆಗೇ ತಂದ. ಮಾವ ಗಾಡಿಯ ಕೆಳಗೆ ಹೋದರು. ನಮ್ಮ ಕಡೆ ಅಳಿಯನೆಂದರೆ ಗೊತ್ತಲ್ಲ. ಅವನು ನಿಂತಿರುವಾಗ ಮಾವ ಅವನ ಕಾಲಬುಡದಲ್ಲಿ ಮಣ್ಣಿನಲ್ಲಿ ಹೊರಳುವುದು ಅವನಿಗೂ ಸಂಕಟ, ನೋಡುವವರಿಗೂ ಸಂಕಟ. "ಮಾವಾ, ಸಾಕು, ಏಳ್ರಿ, ಮಂದಿ ನೋಡಾಕತ್ತಾರ" ಎಂದು ಅವನು. ಒಳಗಿಂದ ಅತ್ತೆ, ಹೋಳಿಗೆ ಆರುತ್ತವೆ, ಅಳಿಯಂದಿರನ್ನು ಎಷ್ಟು ಹೊತ್ತು ಹಸಿದು ನಿಲ್ಲಿಸುತ್ತೀರಿ ಎಂದು. ನಟ್ಟು ಬಿಗಿದಿದ್ದರು. ಎದ್ದು ಕೈ ತೊಳೆದು ಅಳಿಯನ ಜೊತೆ ಕೂತು ಉಂಡರು. ಅವನು ಎಲೆಅಡಿಕೆ ಹಾಕಿಕೊಂಡು ಹೊರಟ. ಸಂಜೆ ಅಂಗಿ ಬಿಚ್ಚುವಾಗ ಜೇಬಿನಿಂದ ಕಾಟರ್ ಪಿನ್ನು ಕೆಳಗೆ ಬಿತ್ತು.

ಓಡಿದರಂತೆ, ಯಾರದೋ ಬೈಕು ಇಸಿದುಕೊಂಡು. ಸುರಪುರದಿಂದ ಆಚೆ ಇಳಿಜಾರಿನಲ್ಲಿ ಜೀಪು ಮಗುಚಿ ಬಿದ್ದಿತ್ತು. ಗಾಲಿ ಒಂದು ಕಡೆ, ಅಳಿಯ ಒಂದು ಕಡೆ.

ಪಿನ್ನಿನ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಣದ ಮುಂದೆ ಅವರೇ ಹೇಳಿದರು. ಮಗಳು, "ನನ್ನ ಹೊಸ್ತಲಾ ತುಳಿಬ್ಯಾಡ" ಎಂದಳು. ಎರಡು ವರ್ಷಕ್ಕೆ ಹೆಂಡತಿ ಹೋದರು. "ಅಳಿಯಾ ಹೋಗಿ ಹದಿನಾಕ್ ವರ್ಷ ಆತ್ರಿ ಸಾಹೇಬ್ರ," ಎಂದ ಲೇತಿನವ. "ಕೆಂಭಾವ್ಯಾಗ ಊರ ಬಾಯಿಗಿನ ಗಿರಣಿ ನಡಸ್ತಾಳ ಆಕಿ. ಅಪ್ಪನ ಮಣ್ಣಿಗೆ ಬಂದಿದ್ಳು. ಮಣ್ಣು ಕೊಟ್ಟು ಹಂಗೇ ಹೋದ್ಳು."

ನಾನು ಸ್ಟೂಲಿನ ಮೇಲೆಯೇ ಕೂತಿದ್ದೆ. ಕೆಂಭಾವಿಗೆ ಬೇಕಾದಷ್ಟು ಬಸ್ಸುಗಳಿವೆ. ಆದರೆ ಬಸ್ಸಿನಿಂದ ಇಳಿದವನು ಯಾರ ಮನೆಗೆ ಬಂದೆ ಎಂದು ಹೇಳಬೇಕಾಗುತ್ತದೆ. ಹೊಸ ಅಚ್ಚಿನ ಗಾಡಿಯಿಂದ ಇಳಿದವನು ಬಿಸಿ ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಅದಕ್ಕೆ ಬೇಕಾದದ್ದು ನಮ್ಮಂಥವರ ಒಂದು ಗಾಡಿ, ಒಂದು ಸಂಜೆ. ನನ್ನ ಹತ್ತಿರ ಎರಡೂ ಇದ್ದವು, ಕೊಡಲಿಲ್ಲ.

ಮರುದಿನ ಉಳಿದ ದಾರಿಗೆ ಹೊರಟೆ. ಹಿಂದಿನ ಸೀಟು ಖಾಲಿ. ಕನ್ನಡಿಯಲ್ಲಿ ಹತ್ತು ಸಲವಾದರೂ ನೋಡಿದೆ, ಹುಚ್ಚನ ಹಾಗೆ. ಸುರಪುರ ದಾಟಿ ಆ ಇಳಿಜಾರು ಬಂದಾಗ ಗಾಡಿ ನಿಧಾನ ಮಾಡಿದೆ. ಅಚ್ಚು ಒಂದು ಚೂರೂ ಸದ್ದು ಮಾಡಲಿಲ್ಲ. ಅಷ್ಟು ಚೆನ್ನಾಗಿ ಕೂರಿಸಿದ್ದರು.

ಕೆಂಭಾವಿಯಲ್ಲಿ ಗಿರಣಿ ಗಡಗಡ ಎನ್ನುತ್ತಿತ್ತು. ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಇಳಿದು, ಹಿಂದೆ ಕೂತು ಡಬ್ಬಿಯ ಮೇಲೆ ಕೈ ಇಟ್ಟೆ. ಒಂದು, ಎರಡು ಎನ್ನುವಷ್ಟರಲ್ಲಿ ಗಿರಣಿ ನಿಂತಿತು. ಕರೆಂಟ್ ಹೋಯಿತು ಎಂದುಕೊಂಡು ತಲೆ ಎತ್ತಿದೆ. ಪಕ್ಕದ ಚಹದಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು.

ಆಕೆ ಬಾಗಿಲಿಗೆ ಬಂದು ನಿಂತರು. ಮೊಣಕೈ ತನಕ ಜೋಳದ ಹಿಟ್ಟು. ಮೊದಲು ಜೀಪಿನ ಹಿಂದಿನ ಸೀಟು ನೋಡಿದರು, ಆಮೇಲೆ ನನ್ನನ್ನು.

"ಯಾರ್ರೀ ನೀವು?"

"ಮಿಸ್ತ್ರಿಯವರ ಗಿರಾಕಿ, ತಾಯಿ. ಈ ಅಚ್ಚು ಅವರೇ ಕೂಡಿಸ್ಯಾರ. ಅವರು ಮಾಡಿದ ಕಡೀ ಕೆಲಸ. ಇಲ್ಲೀತನ ಬರೋದು ಬಾಕಿ ಇತ್ತು. ಅವರನ್ನ ಕರ್ಕೊಂಡು ಬರ್ಬೇಕಾಗಿತ್ತು, ನಾ ಅರ್ಧ ದಾರ್ಯಾಗಿಂದ ತಿರುಗಿಸಿದೆ. ತಪ್ಪು ನಂದು."

ಆಕೆ ರಸ್ತೆ ದಾಟಿ ಬಂದರು. ಏನು ಕೇಳಬೇಕೋ ತಿಳಿಯದೆ ನಾನು ಕೇಳಿದೆ: "ಕರೆಂಟ್ ಹೋಗ್ಯದೇನವ್ವಾ?"

"ಇಲ್ರಿ. ನಾನೇ ಬಂದ್ ಮಾಡೀನಿ." ಜೀಪಿನ ಮಗ್ಗುಲಿಗೆ ಬಂದು ಹೇಳಿದರು: "ಅಪ್ಪನ ಗಾಡಿ ಬಂದು ನಿಂತ ಕೂಡ್ಲೆ ಬಂದ್ ಮಾಡ್ತಿದ್ದೆ. ಅಚ್ಚಿನ ಸಪ್ಪಳ ಕೇಳಸ್ಬೇಕಲ್ರೀ ಅಂವಗ. ಗಿರಣಿ ನಡದಿದ್ರ ಹ್ಯಾಂಗ್ ಕೇಳತದ? ಹದಿನಾಕ್ ವರ್ಷ ಇದೇ ಮಾಡೀನಿ. ಕರೀಬೇಕಂತ ಎಷ್ಟ್ ಸಲ ಬಾಗಲಾತನ ಬಂದೀನಿ. ಅಪ್ಪಾನೇ ಬರ್ಲಿ ಅಂತ ನಾ. ಮಗಳೇ ಕರೀಲಿ ಅಂತ ಅಂವಾ."

ಕರೆಂಟ್ ಹೋಗುತ್ತದೆ ಎಂದೇ ನಮ್ಮ ಮಿಸ್ತ್ರಿ ಕೊನೆಯ ತನಕ ಅಂದುಕೊಂಡಿದ್ದರು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಬಗ್ಗಿ ಅಚ್ಚಿನ ಕಡೆ ನೋಡಿದರು.

"ಬಿಸಿ ಆಗ್ಯದೇನ್ರಿ?" ಎಂದರು.

"ನೀವೇ ನೋಡ್ರಿ. ಹತ್ತರತನಕ ಕೈ ತಡೀತಂದ್ರ ಕೆಲಸ ಬರಾಬರ್ ಆಗ್ಯದಂತ."

ಆಕೆ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಹಿಟ್ಟಿನ ಅಂಗೈಯನ್ನು ಅಚ್ಚಿನ ಮೇಲೆ ಇಟ್ಟರು. ನಾನು ಎಣಿಸಿದೆ. ಹತ್ತಾಯಿತು, ಮೂವತ್ತಾಯಿತು. ಗಿರಣಿಯ ಮುಂದೆ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಯಾರೂ ಕೂಗಿ ಕರೆಯಲಿಲ್ಲ. ಇನ್ನೂರು ದಾಟಿತು. ಈ ಸಲ ನಾನು ಎಣಿಸುವುದನ್ನು ಬಿಡಲಿಲ್ಲ, ಆಕೆಯೂ ಕೈ ತೆಗೆಯಲಿಲ್ಲ.